ಮರ ತಟ್ಟಿ ನೋಡುವ ಬೂಬ ಮತ್ತು ನೌಪಾಡಾದ ಟೊಳ್ಳು ಹಲಸು

ಬೂಬ ಪೂಜಾರಿ ತಟ್ಟಿ ನೋಡದೆ ಯಾವ ತೆಂಗಿನ ಮರವನ್ನೂ ಹತ್ತಿದವನಲ್ಲ. ಕತ್ತಿಯ ಹಿಂಬದಿಯಿಂದ ಬುಡಕ್ಕೆ ನಾಲ್ಕು ಏಟು, ಎದೆಮಟ್ಟಕ್ಕೆ ನಾಲ್ಕು ಏಟು ಹಾಕಿ, ಮರಕ್ಕೆ ಕಿವಿ ಹಚ್ಚಿ ನಿಲ್ಲುತ್ತಿದ್ದ. ಡೊಂಬಿವಲಿಯಿಂದ ಠಾಣೆಯವರೆಗಿನ ವಸತಿ ಸೊಸೈಟಿಗಳ ವಾಚ್‌ಮನ್‌ಗಳು ಅದನ್ನು ಅವನ ಊರಿನ ಯಾವುದೋ ಪೂಜೆ ಎಂದುಕೊಂಡು, ಮುಗಿಯುವವರೆಗೆ ಮಾತಾಡದೆ ದೂರ ನಿಲ್ಲುತ್ತಿದ್ದರು.

ಅದರ ಹಿಂದೆ ಇದ್ದದ್ದು ಒಂದು ಹಳೆಯ ಭಯ. ಹದಿನೈದನೆಯ ವಯಸ್ಸಿಗೆ ಮೂಲ್ಕಿಯ ಕಡೆಯಿಂದ ಬಂದ ಬೂಬ ಠಾಣೆಯ ಒಂದು ಹೋಟೆಲಿನಲ್ಲಿ ಗ್ಲಾಸು ತೊಳೆಯಲು ಸೇರಿದ್ದ. ಒಂದು ದಿನ ಮಾಲಕರ ಮನೆಯ ತೆಂಗಿನ ಒಣ ಮಡಲು ತೆಗೆಯಲು ಯಾರೂ ಸಿಗದೆ ಇವನನ್ನು ಹತ್ತಿಸಿದರು. ಮೇಲಿನಿಂದ ಅವನಿಗೆ ರೈಲು ಹಳಿ ಕಂಡಿತು, ಆಚೆ ಸಮುದ್ರದ ನೀರು ಒಳನುಗ್ಗುವ ಖಾಡಿ ಕಂಡಿತು. ಅಡುಗೆಮನೆಯ ಹಬೆಯೊಳಗೆ ಮತ್ತೆ ಹೋಗಿ ನಿಲ್ಲಲು ಮನಸ್ಸಾಗಲಿಲ್ಲ. ಹಾಗೆ ಮರ ಹತ್ತುವುದೇ ಕಸುಬಾಯಿತು. ಕಲ್ಯಾಣದ ಯೋಗೀಶ್ ಅವನ ಜೊತೆಗಾರನಾದ. ೧೯೯೮ರಲ್ಲಿ ಯೋಗೀಶ್ ಹತ್ತಿದ್ದ ಹಚ್ಚಹಸಿರು ತೆಂಗೊಂದು ಎರಡಾಳು ಎತ್ತರದಲ್ಲಿ ಲಟಕ್ಕನೆ ಮುರಿಯಿತು. ಅವನ ಸೊಂಟ ಹೋಯಿತು. ಆಮೇಲೆ ಅವನು ಸ್ಟೇಷನ್ ಹತ್ತಿರ ಚಹದ ಗಾಡಿ ಇಟ್ಟುಕೊಂಡ. ಮುರಿದ ಕಾಂಡವನ್ನು ಬೂಬ ಬಗ್ಗಿ ನೋಡಿದ್ದ. ಹುಳ ತಿಂದು ತಿಂದು ಒಳಗೆಲ್ಲ ಅಗಿದುಗಿದ ಕಬ್ಬಿನ ಹಾಗಿತ್ತು. ಮರ ಟೊಳ್ಳಾಯಿತೆಂದರೆ ಅದರ ಕಥೆ ಮುಗಿಯಿತು ಎಂಬುದು ಅಂದಿನಿಂದ ಅವನ ತಲೆಯಲ್ಲಿ ಕೂತುಬಿಟ್ಟಿತು. ಮುಂದಿನ ಎಂಟು ವರ್ಷ ಯಾವ ತೆಂಗೂ ಅದನ್ನು ಸುಳ್ಳು ಮಾಡಲಿಲ್ಲ.

೨೦೦೬ರ ಮೇ ತಿಂಗಳಲ್ಲಿ ನೌಪಾಡಾದ ಒಂದು ನಾಲ್ಕು ಮಾಳಿಗೆಯ ಸೊಸೈಟಿಯಿಂದ ಅವನಿಗೆ ಫೋನು ಬಂತು. ಸೆಕ್ರೆಟರಿ ರಮಾಕಾಂತ ಸಾವೆ ಕರೆದಿದ್ದರು. ಕಾಂಪೌಂಡಿನ ಮೂಲೆಯಲ್ಲಿ ಕಟ್ಟಡಕ್ಕಿಂತ ಬಹಳ ಹಳೆಯ ಒಂದು ಹಲಸು ಇತ್ತು. ಹಿಂದಿನ ಮಳೆಗಾಲದಲ್ಲಿ ಅದರ ಒಂದು ಕೊಂಬೆ, ಶಾಲೆಯ ರಿಕ್ಷಾ ನಿಲ್ಲುವ ಜಾಗಕ್ಕೆ ಬಿದ್ದಿತ್ತು. ಮಕ್ಕಳು ಹೊರಟು ಐದು ನಿಮಿಷವಾಗಿತ್ತಂತೆ. ಕಡಿಯಲು ಪಾಲಿಕೆಯ ಪರವಾನಗಿ ಸಿಕ್ಕಿತ್ತು. ಕಾಗದದಲ್ಲಿ ಕಾರಣವೂ ಇತ್ತು: ಮರ ಒಳಗಿನಿಂದ ಪೂರ್ತಿ ಟೊಳ್ಳು.

ಬೂಬ ಎಂದಿನಂತೆ ತಟ್ಟಿದ. ಧಂ ಎಂದಿತು. ಸುತ್ತ ತಟ್ಟಿದ, ಎಲ್ಲ ಕಡೆಯೂ ಧಂ. ಹಿಂಬದಿಗೆ ಹೋದರೆ ಬುಡದಲ್ಲಿ ನಾಯಿ ನುಗ್ಗುವಷ್ಟು ದೊಡ್ಡ ಪೊಟರೆ. ತೋಳನ್ನು ಹೆಗಲವರೆಗೆ ಒಳಗೆ ಹಾಕಿ ಆಡಿಸಿದ. ಏನೂ ತಾಗಲಿಲ್ಲ. ಕಾಗದದಲ್ಲಿ ಬರೆದದ್ದು ಸರಿಯೇ ಎಂದುಕೊಂಡು ಹಗ್ಗ ಬಿಚ್ಚತೊಡಗಿದವನ ಕೈ, ಮರದ ಮುಂಬದಿಗೆ ಬಂದಾಗ ನಿಂತುಬಿಟ್ಟಿತು. ಕಾಂಡದಲ್ಲೇ ಹನ್ನೊಂದು ಹಲಸಿನಕಾಯಿ ಜೋತುಕೊಂಡಿದ್ದವು. ಒಂದು ಅವನ ಮೊಣಕಾಲಿನ ಮಟ್ಟಕ್ಕೆ, ಸರಿಯಾಗಿ ಪೊಟರೆಯ ಎದುರು ಬದಿಗೆ. ಇಬ್ಬರು ಹೊರಬೇಕಾದ ಗಾತ್ರ. ಹಿಂದಿನಿಂದ ಕೈ ಹಾಕಿದರೆ ಶೂನ್ಯ, ಮುಂದೆ ಇಷ್ಟು ದೊಡ್ಡ ಕಾಯಿ, ನಡುವೆ ಒಂದು ಗೇಣೂ ಇಲ್ಲದ ಕಟ್ಟಿಗೆ. ಈ ಕಾಯಿಗೆ ನೀರು ಯಾವ ದಾರಿಯಲ್ಲಿ ಬರುತ್ತದೆ?

ಹಗ್ಗವನ್ನು ಮತ್ತೆ ಸುತ್ತಿ ಹೆಗಲಿಗೆ ಹಾಕಿ ರಮಾಕಾಂತರ ಬಳಿ ಹೋದ.

"ಸಾಬ್, ಆಜ್ ನಹೀ. ಫಣಸ್ ಸಬ್ ಕಚ್ಚಾ ಹೈ, ಹಲಸೆಲ್ಲ ಇನ್ನೂ ಕಾಯಿ. ಎಂಟು ದಿನ ಬಿಟ್ಟರೆ ಸೊಸೈಟಿಯವರಿಗೆಲ್ಲ ಹಣ್ಣಾದರೂ ಸಿಗ್ತದೆ" ಎಂದ, ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ.

ರಮಾಕಾಂತರಿಗೆ ಕನ್ನಡ ಬಾರದಿದ್ದರೂ ಬೂಬ ಬೆರಳೆತ್ತಿ ಎಂಟು ಎಂದದ್ದು ತಿಳಿಯಿತು. "ಎಂಟು ದಿನ, ಸರಿ. ಜೂನ್ ಬಂದಮೇಲೆ ಯಾರ ಮಾತೂ ಕೇಳೋದಿಲ್ಲ. ಆ ರಿಕ್ಷಾದಲ್ಲಿ ನನ್ನ ಮೊಮ್ಮಗಳೂ ಹೋಗ್ತಾಳೆ" ಎಂದು ಮರಾಠಿಯಲ್ಲಿ ಹೇಳಿದರು.

ಕಾಯಿ ಹಣ್ಣಾಗಲು ಎಂಟು ದಿನ ಸಾಲದೆಂಬುದು ಬೂಬನಿಗೆ ಗೊತ್ತಿತ್ತು. ಅವನಿಗೆ ಬೇಕಾಗಿದ್ದದ್ದು ಉತ್ತರ. ಮತ್ತೆ ಮರದ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು ಪೊಟರೆಯೊಳಗೆ ಇಣುಕಿದ. ಕೆಳಮಹಡಿಯ ಕಿಟಕಿಯೊಂದು ತೆರೆಯಿತು.

"ಒಳಗೆ ಏನು ಹುಡುಕ್ತಾ ಇದ್ದೀರಿ?"

ಕನ್ನಡ ಕೇಳಿ ಬೂಬ ತಿರುಗಿದ. ಬಿಳಿಕೂದಲಿನ ಹೆಂಗಸೊಬ್ಬರು ಕಿಟಕಿಯ ಸರಳು ಹಿಡಿದು ನಿಂತಿದ್ದರು.

"ಹುಡುಕ್ಲಿಕ್ಕೆ ಒಳಗೆ ಎಂತದೂ ಇಲ್ಲ ಅಕ್ಕ. ಅದೇ ನಂಗೆ ಅರ್ಥ ಆಗುದಿಲ್ಲ. ಒಳಗೆ ಎಂತದೂ ಇಲ್ಲದ ಮರದಲ್ಲಿ ಇಷ್ಟು ಕಾಯಿ ಹೇಗೆ?"

ಅವರು ದಮಯಂತಿ. ಕುಮಟಾದವರು, ತಮ್ಮನ ಸಂಸಾರದ ಜೊತೆಗಿದ್ದರು. ಮೂವತ್ತೊಂದು ವರ್ಷ ಒಂದು ಕಾಲೇಜಿನ ಸಸ್ಯಶಾಸ್ತ್ರದ ಲ್ಯಾಬಿನಲ್ಲಿ ಸಹಾಯಕಿಯಾಗಿದ್ದು ನಿವೃತ್ತರಾಗಿದ್ದರು. ಹುಡುಗರು ಸೂಕ್ಷ್ಮದರ್ಶಕದಲ್ಲಿ ನೋಡಲೆಂದು ಬ್ಲೇಡಿನಿಂದ ಕಾಂಡವನ್ನು ಕೂದಲೆಳೆಯಷ್ಟು ತೆಳ್ಳಗೆ ಕೊಯ್ದು ಕೊಡುವುದು ಅವರ ಕೆಲಸವಾಗಿತ್ತು. ಬೂಬ ಯೋಗೀಶನ ಕಥೆ ಹೇಳಿ, ತೆಂಗು ಟೊಳ್ಳಾದರೆ ಸಾಯುವುದನ್ನು ತಾನೇ ಕಂಡದ್ದನ್ನು ಹೇಳಿದ. ದಮಯಂತಿ ಎಲ್ಲ ಕೇಳಿಸಿಕೊಂಡು, ಉತ್ತರ ಕೊಡುವ ಬದಲು ತಾವೇ ಒಂದು ಪ್ರಶ್ನೆ ಹಾಕಿದರು.

"ಒಳಗೆ ಗಟ್ಟಿ ಇದ್ದ ಮರ ಸತ್ತದ್ದು ಎಲ್ಲಾದರೂ ನೋಡಿದ್ದೀರಾ?"

ಬೂಬ ಯೋಚಿಸಿದ. "ಕೋಪರಖೈರಣೆಯಲ್ಲಿ ಒಂದು ಬಾದಾಮಿ ಮರ. ಹೋದ ವರ್ಷ ನಾನೇ ಕಡಿದದ್ದು. ಒಳಗೆ ಕಲ್ಲಿನ ಹಾಗಿತ್ತು. ಯಾಕೆ ಸತ್ತಿತೋ ಗೊತ್ತಿಲ್ಲ."

"ಅದರ ಬುಡ ಉಂಟಾ ಇನ್ನೂ?"

"ಇರಬಹುದು."

"ಹಾಗಾದರೆ ಹೋಗಿ ಸರಿಯಾಗಿ ನೋಡಿ ಬನ್ನಿ. ಅಂಚು ನೋಡಿ, ನಡು ನೋಡಬೇಡಿ."

ಮರುದಿನ ಬೂಬ ಠಾಣೆಯಿಂದ ವಾಶಿಯ ರೈಲು ಹಿಡಿದು ಕೋಪರಖೈರಣೆಯಲ್ಲಿ ಇಳಿದ. ಬಾದಾಮಿಯ ಬುಡ ಸೊಂಟದೆತ್ತರ ಉಳಿದಿತ್ತು. ಪಕ್ಕದ ಇಸ್ತ್ರಿಯವನು ಅದರ ಮೇಲೆ ಬಟ್ಟೆಯ ಗಂಟು ಇಟ್ಟುಕೊಂಡಿದ್ದ. ಗಂಟು ಸರಿಸಿ ನೋಡಿದರೆ ನಡುಭಾಗ ಒಂದು ಬಿರುಕೂ ಇಲ್ಲದೆ ನುಣುಪಾಗಿತ್ತು. ಅಂಚಿನ ಸುತ್ತ ಬೆರಳಾಡಿಸುತ್ತ ಕೆಳಗಿಳಿದಾಗ ಏನೋ ಚುಚ್ಚಿತು. ತೊಗಟೆಯೊಳಗೆ ಹೂತುಹೋದ ಕಬ್ಬಿಣದ ತಂತಿ. ಯಾರೋ ಬಟ್ಟೆ ಒಣಗಿಸಲು ಮರದ ಸುತ್ತ ಬಿಗಿದದ್ದು. ಮರ ದಪ್ಪವಾದಂತೆ ತಂತಿ ತೊಗಟೆಯನ್ನು ಸುತ್ತಲೂ ಕೊಯ್ದು ಒಳಗೆ ಕೂತಿತ್ತು. ತಂತಿಯ ಮೇಲೆ ಊದಿಕೊಂಡ ತೊಗಟೆ, ಕೆಳಗೆ ಬತ್ತಿದ ಚಕ್ಕೆ. ಒಳಗೆ ಗಟ್ಟಿಯಿದ್ದ ಮರವನ್ನು ತೊಗಟೆಗೆ ಕಟ್ಟಿದ ಒಂದು ತಂತಿ ಕೊಂದಿತ್ತು. ಒಳಗೆ ಏನೂ ಇಲ್ಲದ ಮರ ನೌಪಾಡಾದಲ್ಲಿ ಹನ್ನೊಂದು ಕಾಯಿ ಬಿಟ್ಟಿತ್ತು.

"ಜೀವ ಇರುದು ಸಿಪ್ಪೆ ಹತ್ತಿರ, ಅಲ್ವಾ ಅಕ್ಕ?" ಎಂದ, ಸಂಜೆ ಕಿಟಕಿಯ ಬಳಿ ಬಂದು.

ದಮಯಂತಿಗೆ ಖುಷಿಯಾದದ್ದು ಅವರ ಮುಖದಲ್ಲಿ ಕಂಡಿತು. ಬಾಗಿಲು ತೆರೆದು ಒಳಗೆ ಕರೆದು, ಹಳೆಯ ಕ್ಯಾಲೆಂಡರಿನ ಹಿಂದೆ ಒಂದು ವೃತ್ತ ಬರೆದರು. ಎಲೆಯಲ್ಲಿ ತಯಾರಾದ ಊಟ ತೊಗಟೆಯ ಒಳಮೈಯಲ್ಲಿ ಕೆಳಗೆ ಇಳಿಯುತ್ತದೆ. ಬೇರಿನ ನೀರು ಅದರ ಪಕ್ಕದ ಹೊಸ ಬಿಳಿ ಕಟ್ಟಿಗೆಯಲ್ಲಿ ಮೇಲೆ ಹತ್ತುತ್ತದೆ. ಪ್ರತಿವರ್ಷ ಹೊರಗಡೆ ಹೊಸದೊಂದು ಪದರ ಕೂಡುತ್ತದೆ. ಒಳಗಿನದು ಹಳತಾಗಿ ಕೆಲಸ ನಿಲ್ಲಿಸಿ ಸಾಯುತ್ತದೆ. "ನಡುವಿನ ಕೆಚ್ಚು ಅಂತೀವಲ್ಲ, ಹಲಸಿನಲ್ಲಿ ಹಳದಿ ಇರುತ್ತದಲ್ಲ, ಅದು ಸತ್ತೇ ಎಷ್ಟೋ ವರ್ಷ ಆಗಿರುತ್ತದೆ. ಭಾರ ಹೊರೋದಷ್ಟೇ ಅದರ ಕೆಲಸ. ಕೊಂಬೆ ಮುರಿದ ಗಾಯದಿಂದ ಅಣಬೆಯಂಥದ್ದು ನುಗ್ಗಿ ಸತ್ತದ್ದನ್ನು ತಿನ್ನುತ್ತದೆ. ಬದುಕಿದ್ದದ್ದರ ಹತ್ತಿರ ಬಂದರೆ ಮರ ಒಂದು ಗೋಡೆ ಎಬ್ಬಿಸಿ ತಡೆಯುತ್ತದೆ."

"ತೆಂಗಿಗೆ ಯಾಕೆ ಹಾಗಿಲ್ಲ?"

"ತೆಂಗಿನ ಕಾಂಡ ಕಡಿದಾಗ ನಾರು ಎಲ್ಲಿರುತ್ತದೆ?"

"ಎಲ್ಲ ಕಡೆ. ನಡುವಿನಲ್ಲೂ ಉಂಟು."

"ಆ ನಾರೇ ಅದರ ನೀರಿನ ಕೊಳವೆ. ನಡುವಿನದ್ದು ಹೋದರೆ ಕೊಳವೆಯೂ ಹೋಯಿತು. ಹೊರಗೆ ಹೊಸ ಪದರ ಹಾಕಿಕೊಳ್ಳೋದು ತೆಂಗಿಗೆ ಬರೋದಿಲ್ಲ."

ಇಪ್ಪತ್ತೈದು ವರ್ಷ ತೆಂಗು ಹತ್ತಿದವನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಅವನು ತನ್ನ ಕತ್ತಿಗೆ ಸಿಕ್ಕ ಮರಗಳನ್ನೆಲ್ಲ ಮನಸ್ಸಿನಲ್ಲೇ ಮತ್ತೊಮ್ಮೆ ಕಡಿದು ನೋಡಿದ.

ಆದರೆ ಬದುಕಿರುವುದು ಬೇರೆ, ನಿಂತಿರುವುದು ಬೇರೆ. ರಿಕ್ಷಾದ ಮಕ್ಕಳ ವಿಷಯ ಹಾಗೇ ಉಳಿದಿತ್ತು. ಗೋಡೆ ಎಷ್ಟು ದಪ್ಪವಿದೆ ಎಂದು ತಿಳಿಯಬೇಕಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಬೂಬ ಅಂಗಿ ಕಳಚಿ, ಸೊಂಟಕ್ಕೆ ಟಾರ್ಚು ಸಿಕ್ಕಿಸಿ, ಹೊಟ್ಟೆಯ ಮೇಲೆ ತೆವಳಿ ಪೊಟರೆಯೊಳಗೆ ಹೋದ. ಸಣ್ಣ ಆಳು, ಒಳಗೆ ಎದ್ದು ನಿಲ್ಲಲು ಜಾಗವಿತ್ತು. ಹೊರಗೆ ದಮಯಂತಿ ಲಟ್ಟಣಿಗೆ ಹಿಡಿದು ಸುತ್ತ ಒಂದೊಂದೇ ಕಡೆ ತಟ್ಟಿದರು. ಬಾಲ್ಕನಿಗಳಲ್ಲಿ ಜನ ಸೇರಿದರು.

"ಇಲ್ಲಿ ಕೇಳ್ತದಾ?"

"ಸಣ್ಣಕ್ಕೆ. ಇಲ್ಲಿ ದಪ್ಪ ಉಂಟು."

"ಇಲ್ಲಿ?"

"ಕಿವಿಯಲ್ಲೇ ಬಡಿದ ಹಾಗೆ ಆಯ್ತು. ಅಲ್ಲಿ ಸುಣ್ಣ ಹಚ್ಚಿ ಅಕ್ಕ."

ಹೀಗೆ ತೆಳು ಜಾಗಗಳಿಗೆಲ್ಲ ಸುಣ್ಣದ ಗುರುತು ಬಿತ್ತು. ಹೊರಸುತ್ತು, ಒಳಸುತ್ತುಗಳನ್ನು ಹಗ್ಗದಲ್ಲಿ ಅಳೆದರು. ಹೆಚ್ಚಿನ ಕಡೆ ಗೋಡೆ ಒಂದು ಗೇಣಿಗೆ ಸ್ವಲ್ಪ ಕಡಿಮೆ. ರಿಕ್ಷಾದ ಬದಿಯಲ್ಲಿ ಮಾತ್ರ ನಾಲ್ಕು ಬೆರಳು. ಆ ಬದಿಯ ಮೇಲೆಯೇ ಎಲ್ಲಕ್ಕಿಂತ ಭಾರದ ಕೊಂಬೆ ವಾಲಿತ್ತು.

ಹೊರಬರುವ ಮೊದಲು ಬೂಬ ಟಾರ್ಚನ್ನು ಕಾಲಬುಡಕ್ಕೆ ತಿರುಗಿಸಿದ. ಮೊಣಕಾಲುದ್ದ ಕಂದು ಪುಡಿ, ಕಾಫಿಪುಡಿಯ ಹಾಗೆ ಹಗುರ. ಅದರೊಳಗೆ ಬೆರಳು ತೂರಿಸಿದಾಗ ಹಗ್ಗದಂಥದ್ದು ಸಿಕ್ಕಿತು. ಎಳೆದರೆ ಬರಲಿಲ್ಲ. ಬೆಳಕು ಹಿಡಿದು ಮೇಲೆ ನೋಡಿದ: ಮರದ ಒಳಗೋಡೆಯಿಂದಲೇ ಬೇರುಗಳು ಹೊರಟು, ಕೆಳಗಿಳಿದು, ಆ ಪುಡಿಯೊಳಗೆ ಹರಡಿದ್ದವು. ಬದುಕಿರುವ ಹಸಿ ಬೇರು. ತುದಿ ಬೆಳ್ಳಗಿತ್ತು.

ಡೊಂಬಿವಲಿಯ ಮನೆಗೆ ಹೋದಾಗ ಹೆಂಡತಿ ಅಪ್ಪಿಯು ಅವನ ತಲೆಯಿಂದ ಉದುರಿದ ಪುಡಿಯನ್ನು ಅಂಗೈಯಲ್ಲಿ ಹಿಡಿದು ಮೂಸಿದಳು. "ಪೊಟರೆಯ ಮಣ್ಣಲ್ವಾ ಇದು? ನಮ್ಮ ಅಮ್ಮ ಮಲ್ಲಿಗೆ ಬುಡಕ್ಕೆ ಇದನ್ನೇ ಹಾಕ್ತಾ ಇದ್ದದ್ದು. ಗೊಬ್ಬರ ಬೇರೆ ಬೇಡ" ಎಂದಳು ತುಳುವಿನಲ್ಲಿ. ಬೂಬ ಸ್ನಾನಕ್ಕೆ ಹೊರಟವನು ಬಾಗಿಲಲ್ಲೇ ನಿಂತ. ಹಲಸು ತನ್ನ ಸತ್ತ ನಡುವನ್ನೇ ಗೊಬ್ಬರ ಮಾಡಿ, ಅದಕ್ಕೆ ತಾನೇ ಬೇರು ಬಿಟ್ಟು ತಿನ್ನುತ್ತಿತ್ತು. ಮರುದಿನ ಇದನ್ನು ಹೇಳಿದಾಗ ದಮಯಂತಿ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. "ಇದು ನಾನು ಪುಸ್ತಕದಲ್ಲಿ ಓದಿದ್ದು ಮಾತ್ರ, ಬೂಬಣ್ಣ. ಕಣ್ಣಾರೆ ಕಂಡವರು ನೀವು" ಎಂದರು.

ಎಂಟನೆಯ ದಿನ ರಮಾಕಾಂತರ ಮುಂದೆ ಇಬ್ಬರೂ ಕ್ಯಾಲೆಂಡರಿನ ಹಿಂದಿನ ಚಿತ್ರ ಹರಡಿಟ್ಟರು. ಬೂಬ ಹೇಳಿದ್ದು ಇಷ್ಟೇ: ವಾಲಿದ ಕೊಂಬೆಯ ಭಾರ ಇಳಿಸೋಣ, ರಿಕ್ಷಾ ಇನ್ನೊಂದು ಗೇಟಿನಲ್ಲಿ ನಿಲ್ಲಲಿ, ಪ್ರತಿವರ್ಷ ಮೇ ತಿಂಗಳಲ್ಲಿ ನಾನು ಬಂದು ಗೋಡೆ ನೋಡುತ್ತೇನೆ. ಟೊಳ್ಳಾದದ್ದೆಲ್ಲ ಬೀಳುವುದಾದರೆ ಕಟ್ಟಡ ಕಟ್ಟುವವರ ಬಿದಿರೂ ಬೀಳಬೇಕಿತ್ತಲ್ಲ ಎಂದೂ ಕೇಳಿದ.

ರಮಾಕಾಂತರು ಸುಣ್ಣದ ಗುರುತುಗಳನ್ನು ತಾವೇ ಹೋಗಿ ಬಡಿದು ನೋಡಿದರು. "ನಾಳೆ ಏನಾದರೂ ಆದರೆ?"

"ಮೊದಲ ಗಾಳಿಗೆ ನಾನು ಇದರ ಅಡಿ ಬಂದು ನಿಲ್ತೇನೆ ಸಾಬ್."

ಆ ಮಾತಿಗೆ ರಮಾಕಾಂತರು ಒಪ್ಪಿದರು, ಬೂಬ ಅದನ್ನು ನಡೆಸಿದ. ಜೂನ್ ಎರಡನೆಯ ವಾರ ಮಧ್ಯಾಹ್ನ ಆಕಾಶ ಕಪ್ಪಾಗುತ್ತಲೇ ಡೊಂಬಿವಲಿಯಿಂದ ಲೋಕಲ್ ಹತ್ತಿ ಬಂದ. ಕೊಂಬೆ ಇಳಿಸಿದ ಹಲಸಿನ ತೆಳುಗೋಡೆಗೆ ಅಂಗೈ ಒತ್ತಿ ನಿಂತ. ಗಾಳಿ ಬಂದಾಗ ಮರ ಉಸಿರೆಳೆದ ಹಾಗೆ ಸ್ವಲ್ಪ ಉಬ್ಬಿ, ಸ್ವಲ್ಪ ಇಳಿಯಿತು. ಎಲ್ಲೂ ಲಟಕ್ಕೆನ್ನಲಿಲ್ಲ. ಯೋಗೀಶ್ ಬಿದ್ದ ಸದ್ದನ್ನು ಅವನ ಕಿವಿ ಆ ಹೊತ್ತಿನಲ್ಲೂ ಹುಡುಕುತ್ತಿತ್ತು. ಅದೇ ಗಾಳಿಗೆ ಬೀದಿಯ ತುದಿಯಲ್ಲಿ ಗಟ್ಟಿಮುಟ್ಟಾದ ಗುಲ್‌ಮೊಹರ್ ಒಂದು ಬುಡಸಮೇತ ಮಲಗಿತು. ಕೇಬಲ್ಲಿಗೆ ಅಗೆದಾಗ ಅದರ ಒಂದು ಬದಿಯ ಬೇರುಗಳೆಲ್ಲ ಹೋಗಿದ್ದವು. ಮಳೆ ಹನಿಯತೊಡಗಿದಾಗ ರಮಾಕಾಂತರು ಛತ್ರಿ ಹಿಡಿದು ಕೆಳಗೆ ಬಂದರು. ಬೂಬನ ಪಕ್ಕದಲ್ಲಿ, ಅದೇ ಮರದಡಿ ನಿಂತರು.

ಆಮೇಲೆ ಆ ಮರದ ಮೇಲೆ ಎಲ್ಲರಿಗಿಂತ ಹೆಚ್ಚು ಮಮತೆ ಬೆಳೆದದ್ದು ರಮಾಕಾಂತರಿಗೆ. ಅದೇ ಒಂದು ಎಡವಟ್ಟೂ ಆಯಿತು. ೨೦೧೦ರಲ್ಲಿ ಅಣ್ಣನಿಗೆ ಕಾಯಿಲೆಯೆಂದು ದಮಯಂತಿ ಆರು ತಿಂಗಳು ಕುಮಟಾಕ್ಕೆ ಹೋಗಿದ್ದರು. ಮೇ ತಿಂಗಳಲ್ಲಿ ಮಗಳು ನಿಶ್ಮಿತಾಳನ್ನು ಕರೆದುಕೊಂಡು ಬೂಬ ಮರ ನೋಡಲು ಬಂದರೆ, ಪೊಟರೆಯೇ ಇರಲಿಲ್ಲ. ರಮಾಕಾಂತರು ಗವಂಡಿಯನ್ನು ಕರೆಸಿ ಒಳಗೆಲ್ಲ ಸಿಮೆಂಟು ತುಂಬಿಸಿ, ಹೊರಗೆ ಕೆಂಪು ಬಣ್ಣ ಬಳಿಸಿದ್ದರು.

"ಹಲ್ಲಿಗೆ ತುಂಬಿಸ್ತಾರಲ್ಲ, ಹಾಗೆ. ಈಗ ಗಟ್ಟಿಯಾಯಿತು" ಎಂದರು ಹೆಮ್ಮೆಯಿಂದ.

ಬೂಬ ಬಗ್ಗಿ ನೋಡಿದ. ಸಿಮೆಂಟಿಗೂ ಮರಕ್ಕೂ ನಡುವೆ ಆಗಲೇ ಕೂದಲೆಳೆಯ ಸಂದು ಬಿಟ್ಟಿತ್ತು. ಅದರಿಂದ ಕಪ್ಪು ನೀರು ಜಿನುಗಿ ಹುಳಿವಾಸನೆ ಹೊಡೆಯುತ್ತಿತ್ತು. "ಸಾಬ್, ಗಾಳಿಗೆ ಮರ ಆಡ್ತದೆ, ಸಿಮೆಂಟು ಆಡುದಿಲ್ಲ. ಒಳಗೆ ಹೋದ ನೀರಿಗೆ ಒಣಗ್ಲಿಕ್ಕೆ ದಾರಿ ಇಲ್ಲ" ಎಂದ, ತನಗೆ ಬಂದ ಹಿಂದಿಯಲ್ಲಿ.

ರಮಾಕಾಂತರ ಮುಖ ಸಣ್ಣದಾಯಿತು. "ನಾನು ಒಳ್ಳೆಯದಕ್ಕೇ ಮಾಡಿದ್ದು."

"ಗೊತ್ತುಂಟು ಸಾಬ್."

ಉಳಿ ಸುತ್ತಿಗೆ ಹಿಡಿದು, ಬದುಕಿರುವ ಗೋಡೆಗೆ ಏಟು ಬೀಳದ ಹಾಗೆ, ಬೂಬ ನಾಲ್ಕು ದಿನ ಸಿಮೆಂಟು ಕೆತ್ತಿದ. ಚೂರುಗಳನ್ನು ಬುಟ್ಟಿಯಲ್ಲಿ ಹೊತ್ತುಹಾಕಿದವರು ಅರವತ್ತು ದಾಟಿದ ರಮಾಕಾಂತರೇ. ಕೊನೆಯ ದಿನ ನಿಶ್ಮಿತಾ ಮೊಬೈಲ್ ಹಿಡಿದ ಕೈಯನ್ನು ಒಳಗೆ ತೂರಿಸಿ ಫೋಟೋ ತೆಗೆದಳು. ಅವಳಿಗೆ ಹದಿನಾರು, ಅಪ್ಪನ ಮಾತು ಎಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ.

"ಜಡೇ ಟೂಟ್ ಗಯೀ ಹೈ, ಪಪ್ಪಾ. ಲೇಕಿನ್ ಏಕ್ ನಯೀ ಹೈ, ದೇಖೋ."

ಅವಳು ಹೇಳಿದಂತೆಯೇ ಹಳೆಯ ಬೇರುಗಳು ಸಿಮೆಂಟಿನಡಿ ನುಗ್ಗಾಗಿ ಕೊಳೆತಿದ್ದವು. ಫೋಟೋದ ಮೂಲೆಯಲ್ಲಿ ಮಾತ್ರ ಬೆಳ್ಳನೆಯ ದಾರದಂಥ ಹೊಸ ಬೇರೊಂದು ಗೋಡೆಯಿಂದ ಹೊರಟಿತ್ತು. ಮುಂದಿನ ವರ್ಷ ಹಲಸು ಎರಡೇ ಕಾಯಿ ಬಿಟ್ಟಿತು. ಅದರ ಮುಂದಿನ ವರ್ಷ ಐದು. ಹನ್ನೊಂದಕ್ಕೆ ಅದು ಮತ್ತೆಂದೂ ಮುಟ್ಟಲಿಲ್ಲ.

ಐವತ್ತೆರಡಕ್ಕೆ ಬೂಬನ ಮೊಣಕಾಲುಗಳು ತೆಂಗು ಹತ್ತಲು ಒಲ್ಲೆ ಎಂದವು. ಅಷ್ಟರಲ್ಲಿ ಹಳೆಯ ಮರವಿದ್ದ ಸೊಸೈಟಿಗಳು ಕಡಿಯುವ ಮೊದಲು ಅವನನ್ನು ಕರೆಯುವುದು ರೂಢಿಯಾಗಿತ್ತು. ಎಲ್ಲ ಮರವನ್ನೂ ಉಳಿಸಿ ಎಂದು ಅವನೇನೂ ಹೇಳುತ್ತಿರಲಿಲ್ಲ. ಕಲ್ಯಾಣದ ಒಂದು ಮಾವಿನ ಗೋಡೆ ಎರಡು ಬೆರಳಿಗೆ ಇಳಿದಿತ್ತು. ಅದನ್ನು ಕಡಿಯಬೇಕೆಂದು ತಾನೇ ಹೇಳಿ, ತಾನೇ ನಿಂತು ಕಡಿಸಿದ.

೨೦೧೬ರ ಚಳಿಗಾಲದಲ್ಲಿ ಐರೋಲಿಯಿಂದ ದಮಯಂತಿ ಫೋನು ಮಾಡಿದರು. ತಮ್ಮನ ಮಗ ಅಲ್ಲಿ ಫ್ಲ್ಯಾಟು ಕೊಂಡ ಮೇಲೆ ಅವರೂ ಅಲ್ಲಿಗೆ ಹೋಗಿದ್ದರು. "ಬೂಬಣ್ಣ, ಇಲ್ಲೊಂದು ನೇರಳೆ ಮರ ಉಂಟು. ನೀವು ಬರಲೇಬೇಕು. ನನಗೆ ತಿಳೀತಾ ಇಲ್ಲ."

ನೇರಳೆ ಖಾಡಿಯ ಕಡೆಯ ಹಳೆಯ ವಠಾರದಲ್ಲಿತ್ತು. ಅದರ ಟೊಳ್ಳು ಎಷ್ಟು ಬೆಳೆದಿತ್ತೆಂದರೆ ಕಾಂಡ ಮೇಲಿನಿಂದ ಕೆಳಗಿನವರೆಗೆ ಸೀಳಿ ಎರಡು ಹೋಳಾಗಿತ್ತು. ನಡುವೆ ಒಬ್ಬ ಮನುಷ್ಯ ದಾಟಿ ಹೋಗಬಹುದಿತ್ತು. ಸೀಳಿದ ಅಂಚುಗಳಲ್ಲಿ ಎರಡೂ ಹೋಳು ಹೊಸ ತೊಗಟೆಯನ್ನು ಒಳಕ್ಕೆ ಸುರುಳಿ ಸುತ್ತಿಕೊಳ್ಳುತ್ತಿದ್ದವು. ಒಂದು ಹೋಳು ತುಂಬ ಚಿಗುರಿತ್ತು. ಇನ್ನೊಂದರಲ್ಲಿ ಹಳೆಯ ಎಲೆ ಉದುರುತ್ತಿತ್ತು.

ಅಲ್ಲಿಗೆ ಮರಗಣತಿಗೆ ಬಂದ ಹುಡುಗಿ ಸೋನಾಲಿ ಕೈಯಲ್ಲಿ ಟ್ಯಾಬ್ ಹಿಡಿದು ಕಾಯುತ್ತಿದ್ದಳು. "ಕಾಕಾ, ಇಲ್ಲಿ ಸಂಖ್ಯೆ ತುಂಬದೆ ಮುಂದೆ ಹೋಗೋದೇ ಇಲ್ಲ. ಮರ ಒಂದಾ, ಎರಡಾ?" ಎಂದು ಮರಾಠಿಯಲ್ಲಿ ಕೇಳಿದಳು.

ಬೂಬ ದಮಯಂತಿಯ ಮುಖ ನೋಡಿದ. ಅವರು ತಲೆಯಾಡಿಸಿ, ತಮಗೂ ಗೊತ್ತಿಲ್ಲವೆಂದರು. ಅವನು ನಿಧಾನಕ್ಕೆ ಮೊಣಕಾಲೂರಿ, ಎರಡು ಹೋಳುಗಳ ನಡುವಿನ ಮಣ್ಣನ್ನು ಕೈಯಿಂದ ಬಗೆದ. ಒಂದು ಗೇಣು ಆಳದಲ್ಲಿ ತೊಡೆದಪ್ಪದ ಹಳೆಯ ಬೇರೊಂದು ಸಿಕ್ಕಿತು. ಒಂದು ತುದಿ ಈ ಹೋಳಿಗೆ, ಇನ್ನೊಂದು ತುದಿ ಆ ಹೋಳಿಗೆ. ಉಗುರಿನಿಂದ ಕೆರೆದ. ಒಂದು ಕಡೆ ಹಸಿ. ನಡುವಿನಲ್ಲಿ ಪುಡಿಯಾಗತೊಡಗಿತ್ತು, ಇನ್ನೂ ಪೂರ್ತಿ ಕಡಿದಿರಲಿಲ್ಲ.

"ಸಧ್ಯಾ ಏಕ್ ಲಿಹಾ" ಎಂದ, ಕೈಯ ಮಣ್ಣು ಕೊಡವುತ್ತ. ಸದ್ಯಕ್ಕೆ ಒಂದು ಎಂದು ಬರೆಯಿರಿ. "ಐದು ವರ್ಷ ಬಿಟ್ಟು ಎಣಿಸಲಿಕ್ಕೆ ಬರುವವರಿಗೆ ಮಣ್ಣು ಬಗೆದು ನೋಡಿ ಅಂತ ಹೇಳಿ."

ಸೋನಾಲಿ ಒಂದು ಎಂದು ಒತ್ತಿದಳು. ಆಮೇಲೆ ಟ್ಯಾಬನ್ನು ದಮಯಂತಿಯ ಕೈಗೆ ಕೊಟ್ಟು, ಚಪ್ಪಲಿ ಕಳಚಿ, ಆ ಬೇರನ್ನು ನೋಡಲು ತಾನೂ ಬಗ್ಗಿದಳು.